ದ್ಯುತಿಸಂಶ್ಲೇಷಣೆ ಪುನರಾವರ್ತನೆ: ಸಮೀಕರಣ ಬರುತ್ತೆ, "ಕಾರಣ ಕೊಡಿ" ಅಂದ್ರೆ ಅಂಕ ಹೋಗುತ್ತೆ

ಎಲೆಯಂಚು

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆ ಜೀವಶಾಸ್ತ್ರ ಪರೀಕ್ಷೆಗೆ ದ್ಯುತಿಸಂಶ್ಲೇಷಣೆ ಪಾಠವನ್ನು ಮತ್ತೊಮ್ಮೆ ಓದುತ್ತಿದ್ದೇನೆ. ವ್ಯಾಖ್ಯಾನ, ಸಮೀಕರಣ, ಎಲೆಯ ಚಿತ್ರ ಎಲ್ಲ ಬಾಯಿಪಾಠ ಆಗಿದೆ. "ಏಕೆ?", "ಹೀಗೆ ಮಾಡದಿದ್ದರೆ ಏನಾಗುತ್ತದೆ?" ಎಂಬ ಪ್ರಶ್ನೆ ಬಂದಾಗ ಮಾತ್ರ ಪೆನ್ನು ನಿಂತುಬಿಡುತ್ತದೆ. ಮುಖ್ಯ ಗೊಂದಲ ಮೂರು: ಪಿಷ್ಟ ಪರೀಕ್ಷೆಯಲ್ಲಿ ಪ್ರತಿ ಹಂತಕ್ಕೂ ಕಾರಣ ಏನು, ಸಮೀಕರಣದಲ್ಲಿ ನೀರು ಒಂದು ಪುಸ್ತಕದಲ್ಲಿ 6, ಇನ್ನೊಂದರಲ್ಲಿ 12 ಇರುವುದು ಯಾಕೆ, ಗ್ರಾಫ್ ಮೇಲೇರಿ ಆಮೇಲೆ ಮಟ್ಟಸವಾಗುವುದಕ್ಕೆ ಏನು ಬರೆಯಬೇಕು. ಯಾವುದರಿಂದ ಶುರು ಮಾಡಲಿ, ತಿಳಿದವರು ಹೇಳಿ.

ಬೀಕರ್

ಪಿಷ್ಟ ಪರೀಕ್ಷೆಯಿಂದ ಶುರು ಮಾಡಿ. ಈ ಪಾಠದ ಅರ್ಧ ಪ್ರಶ್ನೆಗಳ ಬೇರು ಅಲ್ಲೇ ಇದೆ. ಹಂತದ ಜೊತೆಗೆ ಕಾರಣವನ್ನೂ ಸೇರಿಸಿಯೇ ಓದಿ, ಎರಡನ್ನೂ ಬೇರೆ ಬೇರೆ ಪಟ್ಟಿ ಮಾಡಬೇಡಿ.

ಗಿಡವನ್ನು ಮೊದಲು 24ರಿಂದ 48 ಗಂಟೆ ಕತ್ತಲೆಯಲ್ಲಿ ಇಡುತ್ತಾರೆ. ಕೆಲವು ಪುಸ್ತಕಗಳು ಮೂರು ದಿನ ಎನ್ನುತ್ತವೆ. ಎಲೆಯಲ್ಲಿ ಮೊದಲೇ ಕೂಡಿಟ್ಟ ಪಿಷ್ಟ ಸಕ್ಕರೆಯಾಗಿ ಕರಗಿ ಬೇರೆ ಭಾಗಗಳಿಗೆ ಸಾಗಬೇಕು, ಉಸಿರಾಟಕ್ಕೆ ಖರ್ಚಾಗಬೇಕು. ಈ ಹಂತ ಬಿಟ್ಟರೆ ಕೊನೆಯಲ್ಲಿ ಕಾಣುವ ನೀಲಿಗಪ್ಪು ಬಣ್ಣ ಇವತ್ತಿನ ಪಿಷ್ಟದ್ದೋ ನಿನ್ನೆಯದ್ದೋ ಹೇಳಲು ಬರುವುದಿಲ್ಲ. ಇಡೀ ಪ್ರಯೋಗವೇ ವ್ಯರ್ಥ. ಕತ್ತಲೆಯ ನಂತರ ಗಿಡವನ್ನು ಸುಮಾರು 6 ಗಂಟೆ ಬಿಸಿಲಿನಲ್ಲಿಟ್ಟು ಎಲೆ ಕೀಳುತ್ತಾರೆ.

ಎಲೆಯನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದುವುದು ಜೀವಕೋಶಗಳನ್ನು ಕೊಲ್ಲಲು. ಕಿಣ್ವಗಳು ಕೆಟ್ಟು ಒಳಗಿನ ರಾಸಾಯನಿಕ ಕ್ರಿಯೆಗಳು ಅಲ್ಲಿಗೇ ನಿಲ್ಲುತ್ತವೆ, ಪೊರೆಗಳು ಒಡೆಯುವುದರಿಂದ ಮುಂದೆ ಆಲ್ಕೋಹಾಲ್ ಮತ್ತು ಅಯೋಡಿನ್ ಸಲೀಸಾಗಿ ಒಳಹೋಗುತ್ತವೆ. "ಎಲೆ ಮೆತ್ತಗಾಗಲು" ಎಂದಷ್ಟೇ ಬರೆದರೆ ಅರ್ಧ ಉತ್ತರ.

ಆಮೇಲೆ ಆಲ್ಕೋಹಾಲ್. ಇಲ್ಲಿ ಮೊದಲು ಬರ್ನರ್ ಆರಿಸಬೇಕು. ಎಲೆಯನ್ನು ಆಲ್ಕೋಹಾಲ್ ಇರುವ ಪ್ರನಾಳಕ್ಕೆ ಹಾಕಿ, ಪ್ರನಾಳವನ್ನು ಬಿಸಿನೀರಿನ ಬೀಕರ್‌ನಲ್ಲಿ ನಿಲ್ಲಿಸಬೇಕು. ಎಥನಾಲ್ 78 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ, ಅದರ ಆವಿಗೆ ಬೇಗ ಬೆಂಕಿ ಹತ್ತುತ್ತದೆ. ನೇರ ಜ್ವಾಲೆಯ ಮೇಲೆ ಹಿಡಿಯಲೇಬಾರದು. ಪತ್ರಹರಿತ್ತು ಆಲ್ಕೋಹಾಲ್‌ನಲ್ಲಿ ಕರಗಿ ದ್ರವ ಹಸಿರಾಗುತ್ತದೆ, ಎಲೆ ಬಿಳಿಚುತ್ತದೆ. ಹಸಿರು ಉಳಿದಿದ್ದರೆ ಅಯೋಡಿನ್‌ನ ಬಣ್ಣ ಅದರಡಿ ಮುಚ್ಚಿಹೋಗುತ್ತದೆ.

ಆಲ್ಕೋಹಾಲ್‌ನಿಂದ ತೆಗೆದ ಎಲೆ ಗರಿಗರಿಯಾಗಿ, ಮುಟ್ಟಿದರೆ ಮುರಿಯುವಂತಿರುತ್ತದೆ. ಅದಕ್ಕೇ ಬೆಚ್ಚಗಿನ ನೀರಿನಲ್ಲಿ ಅದ್ದಿ ಮೆದು ಮಾಡುವುದು. ಬಿಳಿ ತಟ್ಟೆಯ ಮೇಲೆ ಹರಡಿ ಅಯೋಡಿನ್ ದ್ರಾವಣದ ಕೆಲವು ಹನಿ ಹಾಕಿ, ಒಂದೆರಡು ನಿಮಿಷ ಬಿಟ್ಟು ನೋಡಬೇಕು. ಪಿಷ್ಟ ಇದ್ದರೆ ನೀಲಿಗಪ್ಪು, ಇಲ್ಲದಿದ್ದರೆ ಅಯೋಡಿನ್‌ನದೇ ಹಳದಿಗಂದು. "ಬಣ್ಣ ಬದಲಾಗುವುದಿಲ್ಲ" ಎಂದು ನಿಲ್ಲಿಸಬೇಡಿ, ಉಳಿಯುವ ಬಣ್ಣದ ಹೆಸರನ್ನೂ ಬರೆಯಿರಿ.

ತಂತುಬೇರು

ಬೀಕರ್ ಅವರು ಹೇಳಿದ ಹಂತಗಳೆಲ್ಲ ಸರಿ. ಆದರೆ ಮೊದಲು ಸಮೀಕರಣವನ್ನೇ ಬಿಡಿಸಿಕೊಳ್ಳುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಯಾವ ಪರಮಾಣು ಎಲ್ಲಿಂದ ಬಂದು ಎಲ್ಲಿಗೆ ಹೋಯಿತು ಎಂಬುದು ಸ್ಪಷ್ಟವಿದ್ದರೆ ಪ್ರಯೋಗಗಳ ಉದ್ದೇಶ ತಾನಾಗಿ ಅರ್ಥವಾಗುತ್ತದೆ.

6 ಕಾರ್ಬನ್ ಡೈಆಕ್ಸೈಡ್ + 12 ನೀರು → 1 ಗ್ಲೂಕೋಸ್ + 6 ಆಕ್ಸಿಜನ್ + 6 ನೀರು

ಎರಡೂ ಕಡೆಯಿಂದ 6 ನೀರು ಕಳೆದರೆ ಚಿಕ್ಕ ಪುಸ್ತಕಗಳಲ್ಲಿರುವ 6 ನೀರಿನ ಸಮೀಕರಣವೇ ಸಿಗುತ್ತದೆ. ಲೆಕ್ಕದಲ್ಲಿ ಎರಡೂ ಸರಿ. ಹಾಗಿದ್ದರೆ 12 ಯಾಕೆ? ಹೊರಬರುವ 6 ಆಕ್ಸಿಜನ್ ಅಣುಗಳಲ್ಲಿ 12 ಆಕ್ಸಿಜನ್ ಪರಮಾಣುಗಳಿವೆ. ಅವೆಲ್ಲ ನೀರಿನಿಂದಲೇ ಬರುತ್ತವೆ. ಒಂದು ನೀರಿನ ಅಣುವಿನಲ್ಲಿರುವುದು ಒಂದೇ ಆಕ್ಸಿಜನ್ ಪರಮಾಣು, ಹಾಗಾಗಿ 12 ಅಣು ನೀರು ಒಡೆಯಲೇಬೇಕು. ಕಾರ್ಬನ್ ಡೈಆಕ್ಸೈಡ್‌ನ 12 ಆಕ್ಸಿಜನ್ ಪರಮಾಣುಗಳಲ್ಲಿ 6 ಗ್ಲೂಕೋಸ್‌ಗೆ ಸೇರುತ್ತವೆ, ಉಳಿದ 6 ಬಲಬದಿಯ ಹೊಸ ನೀರಿಗೆ. ನೀರಿನಿಂದ ಬಂದ 24 ಹೈಡ್ರೋಜನ್‌ಗಳಲ್ಲಿ 12 ಗ್ಲೂಕೋಸ್‌ಗೆ, 12 ಆ ಹೊಸ ನೀರಿಗೆ. ಒಮ್ಮೆ ಕಾಗದದ ಮೇಲೆ ಎಣಿಸಿ ನೋಡಿ, ಮರೆಯುವುದಿಲ್ಲ.

ಆಕ್ಸಿಜನ್ ಕಾರ್ಬನ್ ಡೈಆಕ್ಸೈಡ್‌ನಿಂದ ಬರುತ್ತದೆ ಎಂದೇ ಬಹುಕಾಲ ನಂಬಿದ್ದರು. ಆಕ್ಸಿಜನ್ ಬದಲು ಗಂಧಕ ಬಿಡುವ ಬ್ಯಾಕ್ಟೀರಿಯಾಗಳನ್ನು ಅಭ್ಯಸಿಸಿದ ವಿಜ್ಞಾನಿ ವಾನ್ ನೀಲ್ ಅವರಿಗೆ ಇದರ ಮೇಲೆ ಅನುಮಾನ ಬಂತು: ಅವು ನೀರಿನ ಜಾಗದಲ್ಲಿ ಹೈಡ್ರೋಜನ್ ಸಲ್ಫೈಡ್ ಬಳಸಿ ಗಂಧಕ ಬಿಡುತ್ತವೆಂದರೆ, ಸಸ್ಯಗಳು ಬಿಡುವ ಆಕ್ಸಿಜನ್ ನೀರಿನದ್ದೇ ಆಗಿರಬೇಕು. 1941ರಲ್ಲಿ ರೂಬೆನ್ ಮತ್ತು ಕಾಮೆನ್ ತಂಡ ಆಕ್ಸಿಜನ್-18 ಎಂಬ ಭಾರವಾದ ಐಸೋಟೋಪ್ (ಅದೇ ಧಾತುವಿನ, ತೂಕ ಬೇರೆಯಾದ ಪರಮಾಣು) ಇರುವ ನೀರನ್ನು ಕ್ಲೋರೆಲ್ಲ ಪಾಚಿಗೆ ಕೊಟ್ಟು, ಹೊರಬಂದ ಆಕ್ಸಿಜನ್‌ನಲ್ಲಿ ಅದೇ ಐಸೋಟೋಪ್ ಇರುವುದನ್ನು ತೋರಿಸಿತು.

ಎಲೆಯಂಚು

ಧನ್ಯವಾದ ಸರ್. ಹಾಗಾದರೆ ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ? ಬಾಣದ ಮೇಲೆ "ಪತ್ರಹರಿತ್ತು" ಬರೆಯದಿದ್ದರೆ ತಪ್ಪೇ?

ಅಂಕಪಟ್ಟಿ

ನಿಮ್ಮ ಪಠ್ಯಪುಸ್ತಕದಲ್ಲಿ ಇರುವುದನ್ನೇ ಬರೆಯಿರಿ, ಸರಿದೂಗಿದ್ದರೆ ಸಾಕು. ಪ್ರಶ್ನೆಯಲ್ಲಿ "ಬಿಡುಗಡೆಯಾಗುವ ಆಕ್ಸಿಜನ್‌ನ ಮೂಲ ಯಾವುದು" ಎಂದಿದ್ದರೆ ಮಾತ್ರ 12ರ ಸಮೀಕರಣ ಬೇಕಾಗುತ್ತದೆ. ಸೂರ್ಯನ ಬೆಳಕು ಮತ್ತು ಪತ್ರಹರಿತ್ತು ಬಾಣದ ಮೇಲೂ ಕೆಳಗೂ ಇರಬೇಕು. ಅವನ್ನು ಎಡಬದಿಯಲ್ಲಿ ಕೂಡಿಕೆ ಚಿಹ್ನೆ ಹಾಕಿ ಸೇರಿಸಬಾರದು, ಏಕೆಂದರೆ ಅವು ಕ್ರಿಯೆಯಲ್ಲಿ ಬಳಕೆಯಾಗಿ ಉತ್ಪನ್ನದೊಳಗೆ ಸೇರುವ ವಸ್ತುಗಳಲ್ಲ.

ಇನ್ನೊಂದು ವಾಕ್ಯದ ಬಗ್ಗೆ ಎಚ್ಚರ: "ದ್ಯುತಿಸಂಶ್ಲೇಷಣೆಯಲ್ಲಿ ಶಕ್ತಿ ಉತ್ಪತ್ತಿಯಾಗುತ್ತದೆ." ಇದು ತಪ್ಪು. ಬೆಳಕಿನ ಶಕ್ತಿ ರಾಸಾಯನಿಕ ಶಕ್ತಿಯಾಗಿ ಬದಲಾಗಿ ಗ್ಲೂಕೋಸ್‌ನಲ್ಲಿ ಸಂಗ್ರಹವಾಗುತ್ತದೆ. ಬಿಡುಗಡೆಯಾಗುವುದು ಉಸಿರಾಟದಲ್ಲಿ.

ಹಾಗೇ "ಗಿಡ ಮಣ್ಣಿನಿಂದ ಆಹಾರ ಹೀರುತ್ತದೆ" ಎಂದೂ ಬರೆಯಬೇಡಿ. ಮಣ್ಣಿನಿಂದ ಬರುವುದು ನೀರು ಮತ್ತು ಖನಿಜಗಳು. ಮೆಗ್ನೀಸಿಯಂ ಪತ್ರಹರಿತ್ತಿನ ಅಣುವಿನ ನಡುವೆಯೇ ಇದೆ, ನೈಟ್ರೋಜನ್ ಪ್ರೋಟೀನ್‌ಗೂ ಪತ್ರಹರಿತ್ತಿಗೂ ಬೇಕು. ಗ್ಲೂಕೋಸ್ ಮಾತ್ರ ಎಲೆಯಲ್ಲೇ ತಯಾರಾಗಬೇಕು.

ಹೊಸಚಿಗುರು

ನನ್ನ ಪ್ರಶ್ನೆಯನ್ನೂ ಸೇರಿಸುತ್ತೇನೆ. "ಕಂಟ್ರೋಲ್ ಯಾವುದು, ಅದು ಏಕೆ ಬೇಕು" ಎಂದು ಕೇಳುತ್ತಾರೆ. ಪ್ರತಿ ಪ್ರಯೋಗದಲ್ಲೂ ಅದನ್ನು ಗುರುತಿಸುವುದು ಹೇಗೆ?

ಬೀಕರ್

ಒಂದೇ ನಿಯಮ: ಪರೀಕ್ಷಿಸುತ್ತಿರುವ ಅಂಶವೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಒಂದೇ ಆಗಿರುವ ಜೋಡಿಯೇ ಕಂಟ್ರೋಲ್.

ಪತ್ರಹರಿತ್ತು ಬೇಕೆಂದು ತೋರಿಸಲು ಹಸಿರು-ಬಿಳಿ ಮಚ್ಚೆಯ ಎಲೆ. ಅಲ್ಲಿ ಹಸಿರು ಭಾಗವೇ ಕಂಟ್ರೋಲ್. ಕುದಿಸುವ ಮೊದಲೇ ಹಸಿರು ಎಲ್ಲೆಲ್ಲಿದೆ ಎಂದು ಕಾಗದದ ಮೇಲೆ ಅಂಚು ಬರೆದುಕೊಳ್ಳಬೇಕು. ಆಲ್ಕೋಹಾಲ್‌ನಲ್ಲಿ ಇಡೀ ಎಲೆ ಬಿಳಿಯಾದ ಮೇಲೆ ಯಾವುದು ಯಾವ ಭಾಗವಾಗಿತ್ತು ಎಂದು ಗೊತ್ತಾಗುವುದಿಲ್ಲ. ಈ ಚಿತ್ರ ಏಕೆ ಬೇಕು ಎಂದೇ ಪ್ರತ್ಯೇಕವಾಗಿ ಕೇಳುವುದುಂಟು.

ಬೆಳಕು ಬೇಕೆಂದು ತೋರಿಸಲು ಎಲೆಯ ಒಂದು ಪಟ್ಟಿಯನ್ನು ಕಪ್ಪು ಕಾಗದದಿಂದ ಮುಚ್ಚುತ್ತಾರೆ. ಮೇಲೂ ಕೆಳಗೂ ಎರಡೂ ಕಡೆ ಮುಚ್ಚಬೇಕು, ಇಲ್ಲದಿದ್ದರೆ ಕೆಳಗಿನಿಂದ ಬೆಳಕು ನುಗ್ಗಿ ಮಸುಕಾದ ನೀಲಿ ಬರುತ್ತದೆ. ಎಲೆ ಗಿಡದಲ್ಲೇ ಇರಬೇಕು.

ಕಾರ್ಬನ್ ಡೈಆಕ್ಸೈಡ್ ಪ್ರಯೋಗದಲ್ಲೇ ಹೆಚ್ಚು ತಪ್ಪು. ಅಗಲ ಬಾಯಿಯ ಬಾಟಲಿಯಲ್ಲಿ ಸ್ವಲ್ಪ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ, ಸೀಳಿದ ಬಿರಡೆಯ ನಡುವೆ ಎಲೆ: ಅರ್ಧ ಒಳಗೆ, ಅರ್ಧ ಹೊರಗೆ. ದ್ರಾವಣ ಕಾರ್ಬನ್ ಡೈಆಕ್ಸೈಡ್ ಹೀರಿಕೊಳ್ಳುತ್ತದೆ. ಸಂದಿಗೆ ವ್ಯಾಸಲೀನ್ ಹಚ್ಚದಿದ್ದರೆ ಹೊರಗಾಳಿ ಒಳಬಂದು ಒಳಭಾಗವೂ ನೀಲಿಯಾಗುತ್ತದೆ. ದ್ರಾವಣ ಎಲೆಗೆ ತಾಗಿದರೆ ಅಲ್ಲಿ ಜೀವಕೋಶ ಸತ್ತು ಪಿಷ್ಟ ಬರುವುದಿಲ್ಲ, ಫಲಿತಾಂಶ ಸರಿ ಕಂಡರೂ ಕಾರಣ ಬೇರೆ. ಬಾಟಲಿಯ ಹೊರಗಿನ ಅರ್ಧವನ್ನು ಕಂಟ್ರೋಲ್ ಎನ್ನುವುದು ರೂಢಿ, ಆದರೆ ಅದಕ್ಕೆ ಗಾಜಿನ ಮರೆಯಿಲ್ಲ, ಒಳಗಿನಷ್ಟು ತೇವವೂ ಇಲ್ಲ. ಹೈಡ್ರಾಕ್ಸೈಡ್ ಬದಲು ಬರೀ ನೀರು ಹಾಕಿದ ಇನ್ನೊಂದು ಬಾಟಲಿ ಇಟ್ಟರೆ ಅದು ಪಕ್ಕಾ ಕಂಟ್ರೋಲ್. "ಈ ಪ್ರಯೋಗವನ್ನು ಹೇಗೆ ಸುಧಾರಿಸುವಿರಿ" ಎಂದರೆ ಇದನ್ನೇ ಬರೆಯಿರಿ.

ಎರಡು ಕುಂಡಗಳನ್ನು ಎರಡು ಗಾಜಿನ ಗಂಟೆಜಾಡಿಗಳಡಿ ಇಡುವ ರೂಪದಲ್ಲೂ ಇದೇ ತರ್ಕ. ಅಲ್ಲಿ ಇನ್ನೊಂದು ಸೂಕ್ಷ್ಮವಿದೆ: ಕುಂಡದ ಮಣ್ಣಿನ ಸೂಕ್ಷ್ಮಜೀವಿಗಳೂ ಬೇರುಗಳೂ ಉಸಿರಾಡಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ. ಕುಂಡವನ್ನು ಪಾಲಿಥೀನ್ ಚೀಲದಲ್ಲಿ ಬಿಗಿಯಾಗಿ ಕಟ್ಟುವುದು ಅದಕ್ಕೇ.

ಹೊಸಚಿಗುರು

ನೀರು ಬೇಕೆಂದು ತೋರಿಸುವ ಪ್ರಯೋಗ ಯಾಕಿಲ್ಲ ಸರ್?

ತಂತುಬೇರು

ನೀರು ಕೊಡದಿದ್ದರೆ ಗಿಡ ಬಾಡುತ್ತದೆ, ಪತ್ರರಂಧ್ರದ (ಎಲೆಯಲ್ಲಿ ಅನಿಲ ಒಳಹೊರಗೆ ಹೋಗುವ ಸಣ್ಣ ರಂಧ್ರ) ಎರಡೂ ಬದಿಯ ಕಾವಲು ಜೀವಕೋಶಗಳು ನೀರು ಕಳೆದುಕೊಂಡು ಅದನ್ನು ಮುಚ್ಚುತ್ತವೆ, ಆಗ ಕಾರ್ಬನ್ ಡೈಆಕ್ಸೈಡ್ ಕೂಡ ಒಳಬರುವುದಿಲ್ಲ. ಪಿಷ್ಟ ಆಗದೆ ಹೋದದ್ದು ನೀರಿಲ್ಲದೆಯೋ ಕಾರ್ಬನ್ ಡೈಆಕ್ಸೈಡ್ ಇಲ್ಲದೆಯೋ ಬೇರ್ಪಡಿಸಲು ಆಗುವುದಿಲ್ಲ. ನೀರನ್ನು ಒಂದನ್ನೇ ತೆಗೆದು ನೋಡುವ ಸರಳ ದಾರಿ ಇಲ್ಲ, ಐಸೋಟೋಪ್ ಹಾಕಿದ ನೀರೇ ಬೇಕು.

ಎಲೆಯಂಚು

ಹೈಡ್ರಿಲ ಗಿಡದ ಗುಳ್ಳೆ ಎಣಿಸುವ ಪ್ರಯೋಗದಲ್ಲಿ ದೀಪದ ದೂರ ಎರಡು ಪಟ್ಟಾದರೆ ಗುಳ್ಳೆ ಅರ್ಧ ಆಗಬೇಕಲ್ಲವೇ? ಕೋಷ್ಟಕಗಳಲ್ಲಿ ಹಾಗಿರುವುದಿಲ್ಲ.

ಅಂಕಪಟ್ಟಿ

ಅರ್ಧ ಅಲ್ಲ. ಬೆಳಕಿನ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ದೂರ 10 ಸೆಂ.ಮೀ.ನಿಂದ 20 ಆದರೆ ಬೆಳಕು ಕಾಲುಭಾಗ, 40 ಆದರೆ ಹದಿನಾರನೇ ಒಂದು ಭಾಗ.

ಅಭ್ಯಾಸಕ್ಕಾಗಿ ಒಂದು ಕಲ್ಪಿತ ಕೋಷ್ಟಕ ತೆಗೆದುಕೊಳ್ಳಿ. ನಿಮಿಷಕ್ಕೆ ಗುಳ್ಳೆಗಳು: 40 ಸೆಂ.ಮೀ.ನಲ್ಲಿ 6, 20ರಲ್ಲಿ 22, 10ರಲ್ಲಿ 40. 40ರಿಂದ 20ಕ್ಕೆ ಬಂದಾಗ ಬೆಳಕು ನಾಲ್ಕು ಪಟ್ಟು, ಗುಳ್ಳೆಯೂ ಹೆಚ್ಚುಕಡಿಮೆ ನಾಲ್ಕು ಪಟ್ಟು. ಅಂದರೆ ಅಲ್ಲಿ ವೇಗವನ್ನು ತಡೆದಿದ್ದುದು ಬೆಳಕಿನ ಕೊರತೆ. 20ರಿಂದ 10ಕ್ಕೆ ಬಂದಾಗ ಬೆಳಕು ಮತ್ತೆ ನಾಲ್ಕು ಪಟ್ಟಾದರೂ ಗುಳ್ಳೆ ಎರಡು ಪಟ್ಟೂ ಆಗಲಿಲ್ಲ. ಇಲ್ಲಿ ಬೇರೆ ಯಾವುದೋ ಅಂಶ ತಡೆಯತೊಡಗಿದೆ, ಬಹುಶಃ ಕಾರ್ಬನ್ ಡೈಆಕ್ಸೈಡ್ ಅಥವಾ ಉಷ್ಣತೆ. ಕೋಷ್ಟಕವನ್ನು ಹೀಗೆ ಪಟ್ಟುಗಳಲ್ಲಿ ಓದುವುದನ್ನು ರೂಢಿಸಿಕೊಳ್ಳಿ. "ದೂರ ಹೆಚ್ಚಿದಂತೆ ಗುಳ್ಳೆ ಕಡಿಮೆ" ಎಂಬ ಒಂದೇ ಸಾಲು ಎಲ್ಲರೂ ಬರೆಯುತ್ತಾರೆ.

ಬೀಕರ್

ಆ ಪ್ರಯೋಗದ ಎಚ್ಚರಿಕೆಗಳೂ ಇರಲಿ. ಕಾಂಡದ ಕತ್ತರಿಸಿದ ತುದಿ ಮೇಲ್ಮುಖವಾಗಿರಬೇಕು, ಗುಳ್ಳೆ ಅಲ್ಲಿಂದಲೇ ಬರುವುದು. ನೀರಿಗೆ ಸ್ವಲ್ಪ ಸೋಡಿಯಂ ಬೈಕಾರ್ಬನೇಟ್ ಹಾಕಿ, 100 ಮಿ.ಲೀ.ಗೆ ಅರ್ಧ ಗ್ರಾಂ ಸಾಕು, ಕಾರ್ಬನ್ ಡೈಆಕ್ಸೈಡ್ ಕೊರತೆ ಆಗದಂತೆ ನೋಡಿಕೊಳ್ಳಲು. ಕುದಿಸಿ ಆರಿಸಿದ ನೀರು ಬಳಸಿದರೆ ಕರಗಿದ್ದ ಅನಿಲವೆಲ್ಲ ಹೋಗಿರುತ್ತದೆ, ಗುಳ್ಳೆಯೇ ಬರಲಿಕ್ಕಿಲ್ಲ. ಇದೂ ಒಂದು ಜನಪ್ರಿಯ ಪ್ರಶ್ನೆ.

ದೀಪ ಹತ್ತಿರ ಬಂದರೆ ಬೆಳಕಿನ ಜೊತೆ ಶಾಖವೂ ಬರುತ್ತದೆ, ಆಗ ಬದಲಾದದ್ದು ಒಂದಲ್ಲ ಎರಡು ಅಂಶ. ಎಲ್‌ಇಡಿ ದೀಪ ಬಳಸಬೇಕು, ಇಲ್ಲವೇ ದೀಪಕ್ಕೂ ಗಿಡಕ್ಕೂ ನಡುವೆ ನೀರು ತುಂಬಿದ ಗಾಜಿನ ತೊಟ್ಟಿ ಇಡಬೇಕು. ಪ್ರತಿ ಸಲ ದೂರ ಬದಲಿಸಿದ ಮೇಲೆ ಐದು ನಿಮಿಷ ಕಾದು ಎಣಿಸಬೇಕು, ಗಿಡ ಹೊಸ ಬೆಳಕಿಗೆ ಹೊಂದಿಕೊಳ್ಳಲು ಸಮಯ ಬೇಕು. ಮೂರು ಸಲ ಎಣಿಸಿ ಸರಾಸರಿ ತೆಗೆಯಿರಿ. ಗುಳ್ಳೆಗಳ ಗಾತ್ರ ಒಂದೇ ಇರುವುದಿಲ್ಲ ಎಂಬುದು ಈ ವಿಧಾನದ ದೊಡ್ಡ ದೋಷ. ಅನಿಲವನ್ನು ಆಲಿಕೆಯಡಿ ಪ್ರನಾಳದಲ್ಲಿ ಅಥವಾ ಸಿರಿಂಜ್‌ನಲ್ಲಿ ಸಂಗ್ರಹಿಸಿ ಗಾತ್ರ ಅಳೆದರೆ ನಿಖರ. ಸಂಗ್ರಹವಾದ ಅನಿಲದಲ್ಲಿ ಕೆಂಡದ ಕಡ್ಡಿ ಹಿಡಿದರೆ ಹೊತ್ತಿಕೊಳ್ಳಬೇಕು, ಅದು ಆಕ್ಸಿಜನ್ ಎಂಬುದಕ್ಕೆ ಗುರುತು.

ತಂತುಬೇರು

ಗ್ರಾಫ್ ವಿಷಯ ಈಗ ಸುಲಭವಾಯಿತು. ಬೆಳಕು-ವೇಗದ ಗ್ರಾಫ್‌ನಲ್ಲಿ ಏರುವ ಭಾಗದಲ್ಲಿ ಬೆಳಕೇ ಮಿತಿಗೊಳಿಸುವ ಅಂಶ, ಮಟ್ಟಸವಾದ ಭಾಗದಲ್ಲಿ ಬೆಳಕು ಸಾಕಷ್ಟಿದೆ, ಬೇರೊಂದು ಅಂಶ ಕಡಿಮೆಯಿದೆ. ಈ ವಿಚಾರವನ್ನು 1905ರಲ್ಲಿ ಸಸ್ಯವಿಜ್ಞಾನಿ ಬ್ಲ್ಯಾಕ್‌ಮನ್ ಮಂಡಿಸಿದರು. ಅತಿ ಕಡಿಮೆ ಪ್ರಮಾಣದಲ್ಲಿರುವ ಅಂಶವೇ ಒಟ್ಟು ವೇಗವನ್ನು ನಿರ್ಧರಿಸುತ್ತದೆ.

ಒಂದೇ ಚಿತ್ರದಲ್ಲಿ ಎರಡು ವಕ್ರರೇಖೆ ಕೊಟ್ಟು, ಒಂದು ಕಾರ್ಬನ್ ಡೈಆಕ್ಸೈಡ್ 0.04%, ಇನ್ನೊಂದು 0.1% ಎಂದಿದ್ದರೆ ಮೊದಲು ಎಡತುದಿ ನೋಡಿ. ಮಂದ ಬೆಳಕಿನಲ್ಲಿ ಎರಡೂ ಒಂದರ ಮೇಲೊಂದು ಕೂತಿರುತ್ತವೆ, ಅಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಿಸಿ ಪ್ರಯೋಜನವಿಲ್ಲ. ಅವು ಬೇರೆಯಾಗುವ ಬಿಂದುವಿನಿಂದ ಆಚೆ ಕೆಳಗಿನ ರೇಖೆಗೆ ಕಾರ್ಬನ್ ಡೈಆಕ್ಸೈಡ್ ಮಿತಿ. ಉತ್ತರದಲ್ಲಿ ಅಕ್ಷದ ಬೆಲೆಗಳನ್ನು ಉಲ್ಲೇಖಿಸಿ: "ಇಷ್ಟು ಘಟಕ ಬೆಳಕಿನವರೆಗೆ ಏರುತ್ತದೆ, ಆಮೇಲೆ ಸ್ಥಿರ" ಎಂದು.

ಉಷ್ಣತೆಯ ಗ್ರಾಫ್ ಹೀಗೆ ಮಟ್ಟಸವಾಗುವುದಿಲ್ಲ, ಏರಿ ಬೀಳುತ್ತದೆ. ಏರುವುದು ಅಣುಗಳ ಚಲನೆ ಹೆಚ್ಚಿ ಕಿಣ್ವಗಳ ಕೆಲಸ ಚುರುಕಾಗುವುದರಿಂದ. ಅನೇಕ ಸಸ್ಯಗಳಲ್ಲಿ 25ರಿಂದ 35 ಡಿಗ್ರಿ ಅನುಕೂಲದ ವ್ಯಾಪ್ತಿ. 40 ದಾಟಿದರೆ ಕಿಣ್ವಗಳ ಆಕಾರ ಕೆಟ್ಟು ವೇಗ ಇಳಿಯುತ್ತದೆ. "ಕಿಣ್ವ ಸಾಯುತ್ತದೆ" ಎಂದು ಬರೆಯಬೇಡಿ, ಕಿಣ್ವ ಜೀವಿಯಲ್ಲ.

ಹೊಸಚಿಗುರು

ಹಗಲು ದ್ಯುತಿಸಂಶ್ಲೇಷಣೆ, ರಾತ್ರಿ ಉಸಿರಾಟ. ಇದು ಸರಿಯಲ್ಲವೇ?

ತಂತುಬೇರು

ಅಲ್ಲ. ಉಸಿರಾಟ ಹಗಲೂ ರಾತ್ರಿಯೂ ನಡೆಯುತ್ತಲೇ ಇರುತ್ತದೆ. ಒಳ್ಳೆಯ ಬೆಳಕಿದ್ದಾಗ ದ್ಯುತಿಸಂಶ್ಲೇಷಣೆಯ ವೇಗ ಅದಕ್ಕಿಂತ ಬಹಳ ಹೆಚ್ಚು, ಆದ್ದರಿಂದ ಹೊರಗೆ ಕಾಣುವುದು ಆಕ್ಸಿಜನ್ ಬಿಡುಗಡೆ ಮಾತ್ರ. ಬೆಳಗಿನ ಮತ್ತು ಸಂಜೆಯ ಮಂದ ಬೆಳಕಿನಲ್ಲಿ ಎರಡೂ ಸಮವಾಗುವ ಒಂದು ಬಿಂದು ಬರುತ್ತದೆ. ಆಗ ಅನಿಲ ಒಳಗೂ ಇಲ್ಲ, ಹೊರಗೂ ಇಲ್ಲ ಎನ್ನುವಂತಿರುತ್ತದೆ, ಆದರೆ ಎರಡೂ ಕ್ರಿಯೆ ನಡೆಯುತ್ತಿರುತ್ತವೆ.

ಲೆಕ್ಕವೂ ಕೇಳಬಹುದು. ಎಲೆಯೊಂದು ಬೆಳಕಿನಲ್ಲಿ ಗಂಟೆಗೆ 8 ಘಟಕ ಆಕ್ಸಿಜನ್ ಬಿಡುತ್ತದೆ, ಕತ್ತಲೆಯಲ್ಲಿ 3 ಘಟಕ ಹೀರುತ್ತದೆ ಎಂದಿರಲಿ. ಉಸಿರಾಟದ ವೇಗ ಎರಡೂ ಹೊತ್ತು ಒಂದೇ ಎಂದುಕೊಂಡರೆ ನಿಜವಾಗಿ ತಯಾರಾದದ್ದು 8 + 3 = 11 ಘಟಕ. ಕಳೆದು 5 ಎಂದು ಬರೆಯುವವರೇ ಹೆಚ್ಚು.

ಬೈಕಾರ್ಬನೇಟ್ ಸೂಚಕದ (ಕಾರ್ಬನ್ ಡೈಆಕ್ಸೈಡ್ ಪ್ರಮಾಣಕ್ಕೆ ತಕ್ಕಂತೆ ಬಣ್ಣ ಬದಲಿಸುವ ದ್ರಾವಣ) ಪ್ರಶ್ನೆಯೂ ಇದೇ ತಳಹದಿಯದು. ಸಾಮಾನ್ಯ ಗಾಳಿಯೊಂದಿಗೆ ಸಮತೋಲದಲ್ಲಿದ್ದಾಗ ಅದು ಕೆಂಪು. ಕಾರ್ಬನ್ ಡೈಆಕ್ಸೈಡ್ ಹೆಚ್ಚಿದರೆ ಹಳದಿ, ಕಡಿಮೆಯಾದರೆ ನೇರಳೆ. ಬೆಳಕಿನಲ್ಲಿಟ್ಟ ಎಲೆಯ ಪ್ರನಾಳ ನೇರಳೆ, ಅಲ್ಯೂಮಿನಿಯಂ ಹಾಳೆ ಸುತ್ತಿದ್ದು ಹಳದಿ, ಎಲೆ ಇಲ್ಲದ್ದು ಕೆಂಪಾಗಿಯೇ ಉಳಿಯುತ್ತದೆ. ತೆಳು ಬಟ್ಟೆ ಸುತ್ತಿ ಮಂದ ಬೆಳಕು ಬಿಟ್ಟ ನಾಲ್ಕನೆಯ ಪ್ರನಾಳವೂ ಕೆಂಪಾಗಿಯೇ ಉಳಿದರೆ ಅದೇ ಆ ಸಮ ಬಿಂದು.

ಎಲೆಯಂಚು

ಬೆಳಕಿನ ಕ್ರಿಯೆ, ಕತ್ತಲ ಕ್ರಿಯೆ ಎಷ್ಟು ಆಳಕ್ಕೆ ಓದಬೇಕು?

ಅಂಕಪಟ್ಟಿ

ಪ್ರೌಢಶಾಲೆಗೆ ಇಷ್ಟು ಸಾಕು. ಬೆಳಕಿನ ಕ್ರಿಯೆಯಲ್ಲಿ ಕ್ಲೋರೋಪ್ಲಾಸ್ಟ್‌ನ (ಪತ್ರಹರಿತ್ತು ಇರುವ ಕೋಶಭಾಗ) ಗ್ರಾನಾಗಳಲ್ಲಿ, ಅಂದರೆ ಪೊರೆಯ ಬಿಲ್ಲೆಗಳ ರಾಶಿಗಳಲ್ಲಿ, ಪತ್ರಹರಿತ್ತು ಬೆಳಕನ್ನು ಹೀರುತ್ತದೆ, ನೀರು ಒಡೆದು ಆಕ್ಸಿಜನ್ ಹೊರಹೋಗುತ್ತದೆ, ಶಕ್ತಿ ಹೊತ್ತೊಯ್ಯುವ ಎಟಿಪಿ ಮತ್ತು ಎನ್‌ಎಡಿಪಿಎಚ್ ಎಂಬ ಅಣುಗಳು ತಯಾರಾಗುತ್ತವೆ. ಕತ್ತಲ ಕ್ರಿಯೆಯಲ್ಲಿ, ಗ್ರಾನಾಗಳ ಸುತ್ತಲಿನ ದ್ರವವಾದ ಸ್ಟ್ರೋಮದಲ್ಲಿ, ಇವೆರಡನ್ನೂ ಬಳಸಿ ಕಾರ್ಬನ್ ಡೈಆಕ್ಸೈಡ್‌ನಿಂದ ಚಕ್ರರೂಪದ ಹಂತಗಳಲ್ಲಿ ಸಕ್ಕರೆ ಕಟ್ಟಲಾಗುತ್ತದೆ. ಎರಡನೆಯದು ರಾತ್ರಿ ನಡೆಯುವ ಕ್ರಿಯೆ ಎಂದು ಬರೆದರೆ ತಪ್ಪು. ಅದಕ್ಕೆ ಬೆಳಕು ನೇರವಾಗಿ ಬೇಡ, ಆದರೆ ಬೆಳಕಿನ ಕ್ರಿಯೆ ಕೊಡುವ ಎಟಿಪಿ ಬೇಕಾಗುವುದರಿಂದ ಹಗಲಲ್ಲೇ ನಡೆಯುತ್ತದೆ. ಈ ಚಕ್ರವನ್ನು ಕಾರ್ಬನ್-14 ಬಳಸಿ ಬಿಡಿಸಿದ್ದಕ್ಕೆ ಮೆಲ್ವಿನ್ ಕ್ಯಾಲ್ವಿನ್ ಅವರಿಗೆ 1961ರ ರಸಾಯನಶಾಸ್ತ್ರ ನೊಬೆಲ್ ಬಂತು. ಚಕ್ರದ ಒಳಗಿನ ಸಂಯುಕ್ತಗಳ ಹೆಸರುಗಳನ್ನು ಪಠ್ಯದಲ್ಲಿ ಇಲ್ಲದಿದ್ದರೆ ಬಿಡಿ.

ಚಿತ್ರದಲ್ಲಿ ಗುರುತಿಸುವ ಗೆರೆ ಭಾಗವನ್ನೇ ಮುಟ್ಟಬೇಕು, ಹತ್ತಿರ ನಿಲ್ಲಬಾರದು. ಎಲೆಯ ಅಡ್ಡಸೀಳಿಕೆಯಲ್ಲಿ ಮೇಲ್ಪೊರೆಯ ಕೋಶಗಳಲ್ಲಿ ಕ್ಲೋರೋಪ್ಲಾಸ್ಟ್ ಬಿಡಿಸಬೇಡಿ, ಕಾವಲು ಜೀವಕೋಶಗಳಲ್ಲಿ ಬಿಡಿಸಿ. ಪ್ಯಾಲಿಸೇಡ್ ಕೋಶಗಳು ಉದ್ದವಾಗಿ, ಒತ್ತೊತ್ತಾಗಿ ಮೇಲ್ಭಾಗದಲ್ಲಿ. ಸ್ಪಂಜಿನಂಥ ಕೋಶಗಳು ನಡುವೆ ಗಾಳಿಯ ಜಾಗ ಬಿಟ್ಟುಕೊಂಡು ಕೆಳಗೆ.

ಹೊಸಚಿಗುರು

ಕೊನೆಯ ಪ್ರಶ್ನೆ. ಈರುಳ್ಳಿ ಎಲೆಯಲ್ಲಿ ಅಯೋಡಿನ್ ನೀಲಿ ಬರುವುದಿಲ್ಲ ಅಂತಾರೆ. ಕೆಂಪು ಎಲೆಗಳಲ್ಲಿ?

ಬೀಕರ್

ಈರುಳ್ಳಿಯ ಎಲೆ ಆಹಾರವನ್ನು ಪಿಷ್ಟವಾಗಿ ಅಲ್ಲ, ಸಕ್ಕರೆಯಾಗಿ ಇಟ್ಟುಕೊಳ್ಳುತ್ತದೆ. ದ್ಯುತಿಸಂಶ್ಲೇಷಣೆ ಸರಿಯಾಗಿಯೇ ನಡೆದಿರುತ್ತದೆ, ಪರೀಕ್ಷೆ ಮಾತ್ರ ಅದನ್ನು ತೋರಿಸುವುದಿಲ್ಲ. ಪ್ರಯೋಗಕ್ಕೆ ದಾಸವಾಳದಂಥ ತೆಳು ಎಲೆ ಆರಿಸಿ. ಮೇಣದ ಪದರ ದಪ್ಪವಿರುವ ಎಲೆಯಿಂದ ಹಸಿರು ಬೇಗ ಇಳಿಯುವುದಿಲ್ಲ.

ಕೋಲಿಯಸ್‌ನಂಥ ಕೆಂಪು ಎಲೆಯಲ್ಲೂ ಪತ್ರಹರಿತ್ತು ಇದೆ, ಕೆಂಪು ಬಣ್ಣ ಅದನ್ನು ಮರೆಮಾಡಿದೆ ಅಷ್ಟೆ. ಆ ಕೆಂಪು ನೀರಿನಲ್ಲಿ ಕರಗುವ ಬಣ್ಣ, ಹಾಗಾಗಿ ಮೊದಲ ಹಂತದ ಕುದಿನೀರಿಗೇ ಇಳಿದು ಎಲೆ ಹಸಿರಾಗಿ ಕಾಣುತ್ತದೆ. ಹಸಿರು ಆಮೇಲೆ ಆಲ್ಕೋಹಾಲ್‌ಗೆ ಇಳಿಯುತ್ತದೆ. ಅಂಥ ಎಲೆ ಬಳಸಿದರೆ ಮೊದಲ ಚಿತ್ರವನ್ನು ಕುದಿಸುವ ಮುಂಚೆ, ಎರಡನೆಯದನ್ನು ಕುದಿನೀರಿನಿಂದ ತೆಗೆದ ತಕ್ಷಣ ಬರೆದಿಟ್ಟುಕೊಳ್ಳಿ. ಅಯೋಡಿನ್ ಹಾಕಿದ ಮೇಲೆ ಬರುವ ನೀಲಿಗಪ್ಪು ಭಾಗವನ್ನು ಹೋಲಿಸಬೇಕಾದದ್ದು ಆ ಎರಡನೆಯ ಚಿತ್ರದ ಹಸಿರಿಗೆ.